ಮೊದಲು ಕಟ್ಟೋಣ, ಮಾಡೆಲ್ ಆಮೇಲೆ

2024ರ ಫೆಬ್ರುವರಿಯಲ್ಲಿ ಮುಂಬೈಯ ಅಂಧೇರಿಯಲ್ಲಿ ಹೊಸ ಗೋಖಲೆ ಸೇತುವೆಯ ಒಂದು ಬದಿ ಸಂಚಾರಕ್ಕೆ ತೆರೆಯಿತು. ನೋಡಿದರೆ, ಅದಕ್ಕೆ ಕೂಡಬೇಕಿದ್ದ ಬರ್ಫಿವಾಲಾ ಫ್ಲೈಓವರ್ ಹೆಚ್ಚುಕಡಿಮೆ ಆಳೆತ್ತರ ಕೆಳಗೆ! ಹಳಿಯ ಮೇಲೆ ಜಾಸ್ತಿ ಎತ್ತರ ಬೇಕು ಅಂತ ರೈಲ್ವೆಯವರು ಕೇಳಿದ್ದರು, ಸೇತುವೆ ಮೇಲೆದ್ದಿತ್ತು. ಪಕ್ಕದ ಫ್ಲೈಓವರ್‌ಗೆ ಪಾಪ, ಯಾರೂ ಹೇಳಿರಲಿಲ್ಲ. ಕೊನೆಗೆ ಐಐಟಿ, ವಿಜೆಟಿಐ ಇಂಜಿನಿಯರಿಂಗ್ ಕಾಲೇಜುಗಳ ಪಂಡಿತರನ್ನು ಕೇಳಿ, ಪಂಕ್ಚರ್ ಆದ ಲಾರಿಗೆ ಕೊಡುವ ಹಾಗೆ ಜ್ಯಾಕ್ ಕೊಟ್ಟು ಫ್ಲೈಓವರನ್ನೇ ಎತ್ತಿದರು. ಜುಲೈಯಲ್ಲಿ ಎರಡೂ ಕೂಡಿದವು.

ಇಂಥ ರಗಳೆಯನ್ನು ಕಂಪ್ಯೂಟರ್ ಒಳಗೇ ತೀರಿಸಿಕೊಳ್ಳಲು ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಅಂತ ಒಂದು ಪದ್ಧತಿ ಇದೆ. ಕಾಂಕ್ರೀಟ್ ತೊಲೆ ಅಂದರೆ ಬೀಮ್, ಪೈಪ್, ಎಸಿ ಡಕ್ಟ್, ಕೇಬಲ್ ಟ್ರೇ ಎಲ್ಲವನ್ನೂ ಒಂದೇ ತ್ರೀಡಿ ಮಾಡೆಲ್‌ನಲ್ಲಿ ಕೂರಿಸುವುದು. ಒಂದಕ್ಕೊಂದು ಡಿಕ್ಕಿ ಹೊಡೆದ ಕಡೆ ‘ಕ್ಲ್ಯಾಶ್’ ಅಂತ ಕೆಂಪು ತೋರಿಸುತ್ತದೆ. ಬ್ರಿಟನ್ 2016ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಸಿಂಗಾಪುರ 2015ರಿಂದ, 5,000 ಚದರ ಮೀಟರ್ ದಾಟಿದ ಹೊಸ ಕಟ್ಟಡಗಳ ಅನುಮತಿಗೆ ಮಾಡೆಲ್ ಕೇಳುತ್ತಿದೆ. ಮುಂಬೈಯಲ್ಲಿ ನಾವು ಬಿಮ್‌ಗೆ ಇರುವ ಅಡೆತಡೆಗಳ ಬಗ್ಗೆ ಸೆಮಿನಾರ್ ಮಾಡುತ್ತೇವೆ. ಊಟ ಚೆನ್ನಾಗಿರುತ್ತದೆ.

ಸಾಫ್ಟ್‌ವೇರ್ ದುಬಾರಿ, ಕಲಿತ ಹುಡುಗರು ಸಿಗುವುದಿಲ್ಲ ಅಂತಾರೆ. ಎರಡೂ ನಿಜವೇ. ಆದರೆ ಮಾಡೆಲ್‌ನ ದೊಡ್ಡ ದುರ್ಗುಣ ಬೇರೆ. ಅದು ತಪ್ಪನ್ನು ಬೇಗ ಹೇಳಿಬಿಡುತ್ತದೆ. ಕಾಂಕ್ರೀಟ್ ಬೀಳುವ ಮೊದಲೇ ತಪ್ಪು ಗೊತ್ತಾದರೆ ಒಡೆಯುವ ಬಿಲ್ ಎಲ್ಲಿಂದ ಬರಬೇಕು? ಮತ್ತೆ ಕಟ್ಟುವ ಎಕ್ಸ್‌ಟ್ರಾ ಐಟಂ? ಸಾಲದ್ದಕ್ಕೆ, ತಪ್ಪು ಯಾರ ಫೈಲಿನದು ಅಂತಲೂ ತೋರಿಸುತ್ತದೆ. ಮರ್ಯಾದಸ್ಥರ ನಡುವೆ ಇದೆಲ್ಲ ಸರಿ ಅಲ್ಲ, ಅಲ್ವಾ?

ನಮ್ಮ ಪದ್ಧತಿ ನೋಡಬೇಕಿದ್ದರೆ ಠಾಣೆ ಕಡೆಯ ಯಾವುದಾದರೂ ಸೈಟಿಗೆ ಬನ್ನಿ. ಮೇಸ್ತ್ರಿ ಕಲಬುರಗಿಯವರು, ಇಂಜಿನಿಯರ್ ಧಾರವಾಡದವರು. ಬಾತ್‌ರೂಮಿನ ಪೈಪ್ ಇಳಿಯಬೇಕಾದ ಕಡೆಯೇ ಬೀಮ್. ಆರ್ಕಿಟೆಕ್ಟ್ ಡ್ರಾಯಿಂಗ್‌ನಲ್ಲಿ ಬೀಮ್ ಇಲ್ಲ. ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ ಬಾತ್‌ರೂಮೇ ಇಲ್ಲ.

“ಸಾಹೇಬ್ರ, ಇಲ್ಲಿ ಬೀಮ್ ಅದರಿ. ಪೈಪ್ ಎಲ್ಲಿಂದ ಇಳಸ್ಬೇಕ್ರಿ?”

“ಡ್ರಾಯಿಂಗ್ ಏನ್ ಹೇಳ್ತದ ಮೇಸ್ತ್ರಿ?”

“ಯಾವ ಡ್ರಾಯಿಂಗ್ ರೀ?”

ಸಾಹೇಬರು ಸ್ವಲ್ಪ ಹೊತ್ತು ಬೀಮನ್ನೇ ನೋಡಿದರು. ಕೋರ್ ಕಟಿಂಗ್ ಮಷಿನ್ ಬಂತು. ಸಂಜೆಯೊಳಗೆ ಬೀಮಿನಲ್ಲಿ ದುಂಡನೆಯ ತೂತು, ಅಂಚು ಒಂಚೂರೂ ಕಿತ್ತಿರಲಿಲ್ಲ. ಕೆಲಸಗಾರಿಕೆ ಹೊಗಳಲೇಬೇಕು. ಬೀಮಿನೊಳಗೆ ತುಂಡಾದ ಕಬ್ಬಿಣದ ಸರಳು ಭಂಗಾರ್‌ಗೆ, ಅಂದರೆ ಗುಜರಿಗೆ ಹೋಯಿತು.

ಹಾಗಂತ ಬಿಮ್ ಬಿಟ್ಟೇಬಿಟ್ಟಿದ್ದೇವೆ ಅಂದುಕೊಳ್ಳಬೇಡಿ. ಟೆಂಡರಿನ ಯಾವುದೋ ಪುಟದಲ್ಲಿ ‘ಮಾಡೆಲ್ ಕೊಡತಕ್ಕದ್ದು’ ಅಂತ ಒಂದು ಸಾಲು ಇರುತ್ತದೆ. ಫೈನಲ್ ಬಿಲ್ ಹೊತ್ತಿಗೆ ಅದು ಎಲ್ಲರಿಗೂ ನೆನಪಾಗುತ್ತದೆ. ಆಗ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಬರುವ ನಮ್ಮವನೇ ಒಬ್ಬ ಹುಡುಗನಿಗೆ ಪಿಡಿಎಫ್‌ಗಳ ಗಂಟು ಕೊಟ್ಟು, ಸೋಮವಾರದೊಳಗೆ ಮಾಡೆಲ್ ಬೇಕು ಅನ್ನುತ್ತಾರೆ. ಹುಡುಗ ಪ್ರಾಮಾಣಿಕ. ಟೇಪ್ ಹಿಡಿದು ಮಹಡಿ ಮಹಡಿ ಸುತ್ತುತ್ತಾನೆ. ಕಟ್ಟಡ ಹೇಗಿದೆಯೋ ಹಾಗೇ ಮಾಡೆಲ್ ಮಾಡುತ್ತಾನೆ. ಬೀಮಿನ ತೂತನ್ನೂ ಬಿಡುವುದಿಲ್ಲ. ಪೈಪ್ ಅದರೊಳಗಿಂದ ಸಲೀಸಾಗಿ ಇಳಿಯುತ್ತದೆ. ಕ್ಲ್ಯಾಶ್ ಸೊನ್ನೆ ಅಂತ ರಿಪೋರ್ಟ್ ಬರುತ್ತದೆ. ಕನ್ಸಲ್ಟೆಂಟ್ ಸಹಿ, ಕ್ಲೈಂಟ್ ಸಹಿ, ಬಿಲ್ ಪಾಸ್.