ಮಹಡಿಯ ಕೋಣೆಯ ಕ್ಯಾಲೆಂಡರ್

ದೀಪಾವಳಿ ಕಳೆದು ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಲ್ಲಿ ವಿದೇಶಿಯರು ಕಾಣಿಸತೊಡಗಿದರೆ ನಮ್ಮ ಕಡೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ದುಡ್ಡು ಹೆಚ್ಚಾದವರು, ಮಾಡಲು ಕೆಲಸವಿಲ್ಲದವರು. ನಾನೂ ಹಾಗೆ ಹೇಳುತ್ತಿದ್ದವನೇ. ಒಂದು ಡಿಸೆಂಬರ್‌ನಲ್ಲಿ ಮಗನ ಮನೆಗೆಂದು ಟೊರಾಂಟೊಗೆ ಹೋಗಿ ಬಂದ ಮೇಲೆ ಬಾಯಿ ಮುಚ್ಚಿಕೊಂಡಿದ್ದೇನೆ.

ಅಲ್ಲಿ ಸಂಜೆ 4.45ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಇಲ್ಲಾದರೆ ಅದು ಚಹಾ ಕುಡಿದು ಗಿಡಗಳಿಗೆ ನೀರು ಬಿಡುವ ಹೊತ್ತು. ಶಿರಸಿಯ ನಮ್ಮ ಮೂಲಮನೆಯಲ್ಲಿ ಚಳಿಯೆಂದರೆ ಬಚ್ಚಲ ಒಲೆಯ ಮುಂದೆ ಕೂರಲು ಒಂದು ನೆಪ. ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ತಡರಾತ್ರಿಯವರೆಗೆ ಸುಲಿಯುತ್ತ ಹರಟುವವರಿಗೆ ಅದು ಹಿತವೂ ಹೌದು. ಟೊರಾಂಟೊದ ಚಳಿಯ ಜಾತಿಯೇ ಬೇರೆ. ಮಂಜುಗಡ್ಡೆ ಕರಗಲೆಂದು ಮೆಟ್ಟಿಲಿಗೆ ಉಪ್ಪು ಎರಚಿ ಹೊರಗೆ ಕಾಲಿಡಬೇಕು. ಪಕ್ಕದ ಮನೆಯ ಅಜ್ಜ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನಾನು ಬೀಳಲಿಲ್ಲ, ಹೊರಗೆ ಹೋದರೆ ತಾನೇ ಬೀಳುವುದು?

ಗೋಕರ್ಣದ ಹತ್ತಿರ, ತದಡಿ ಬಳಿಯ ನಮ್ಮ ಮನೆಯ ಮಹಡಿಗೆ ನಾಲ್ಕು ವರ್ಷಗಳಿಂದ ಕೆನಡಾದ ಒಂಟಾರಿಯೊ ಪ್ರಾಂತ್ಯದ ನಿವೃತ್ತ ದಂಪತಿ ಚಳಿಗಾಲ ಕಳೆಯಲು ಬರುತ್ತಾರೆ. ಬಂದ 24 ಗಂಟೆಯೊಳಗೆ ನಾನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಅವರ ವಿವರ ಸಲ್ಲಿಸಬೇಕು. ಹಕ್ಕಿಗಳಂತೆ ಹಾರಾಡುವ ಬದುಕು ಎಂದುಕೊಂಡವರು ಅವರ ಗೋಡೆಯ ಕ್ಯಾಲೆಂಡರ್ ನೋಡಬೇಕು. ದಿನಕ್ಕೊಂದು ಗೀಟು. ಹನ್ನೆರಡು ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಕಾಲ ಪ್ರಾಂತ್ಯದಿಂದ ಹೊರಗಿದ್ದರೆ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆಗೆ ಕುತ್ತು. ವೀಸಾದ ಲೆಕ್ಕ ಬೇರೆಯೇ. ನೆರೆಮನೆಗೆ ಬರುವ ಜರ್ಮನ್ನರಿಗಂತೂ ಇ-ಪ್ರವಾಸಿ ವೀಸಾದಲ್ಲಿ ಒಮ್ಮೆಗೆ 90 ದಿನವಷ್ಟೇ. ಚಳಿ ಮುಗಿಯುವ ಮುನ್ನವೇ ಗಂಟುಮೂಟೆ ಕಟ್ಟಬೇಕು.

ಇಷ್ಟೆಲ್ಲ ಪಾಡು ಬೆಚ್ಚನೆಯ ಬಿಸಿಲಿಗಾಗಿ. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆದರೆ "ನಿಮ್ಮ ಊರು ಸ್ವರ್ಗ" ಎಂದು ಅವರು ಹೇಳುವಾಗ ಮಾತ್ರ ಒಳಗೊಳಗೇ ರೇಗುತ್ತದೆ. ಏಪ್ರಿಲ್ ಮೊದಲ ವಾರಕ್ಕೆ ಹೊರಟುಬಿಡುವವರಿಗೆ ನಮ್ಮ ಊರು ಗೊತ್ತಾಗುವುದು ಹೇಗೆ? ಮಳೆ ಎರಚದಂತೆ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದನ್ನು ಅವರು ಕಂಡಿಲ್ಲ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಂತು ಬಂದರು ಬಿಕೋ ಎನ್ನುವುದನ್ನೂ ಕಂಡಿಲ್ಲ. ಮೂರು ದಿನ ಕರೆಂಟಿಲ್ಲದೆ, ಒಣಗದ ಬಟ್ಟೆಯ ವಾಸನೆಯಲ್ಲಿ ಕೂತು ಹಲಸಿನ ಹಪ್ಪಳ ಸುಟ್ಟು ತಿನ್ನುವ ಸುಖವೂ ಅವರಿಗೆ ದಕ್ಕಿಲ್ಲ.

ಹೀಗೆ ಬರೆಯುವಾಗಲೇ ನಾಚಿಕೆಯಾಗುತ್ತಿದೆ. ಮೇ ಕೊನೆಗೆ ನಮ್ಮ ಓಣಿಯ ಎಷ್ಟು ಹಿರಿಯರು ಮಕ್ಕಳ ಮನೆಗೆಂದು ವಿಮಾನ ಹತ್ತುವುದಿಲ್ಲ? ಮೊಮ್ಮಕ್ಕಳ ಹೆಸರು ಹೇಳುತ್ತಾರೆ. ನಿಜವಾಗಿ ಮಳೆಗಾಲ ತಪ್ಪಿಸಿಕೊಳ್ಳುತ್ತಾರೆ. ಹಿಮ ಬೀಳುವ ಮೊದಲು ಮರಳಿ ಬಂದು "ಕೆನಡಾ ಸ್ವರ್ಗ" ಎನ್ನುತ್ತಾರೆ. ನಾನೊಬ್ಬ ತಿಥಿ ನೋಡದೆ ಡಿಸೆಂಬರ್‌ನಲ್ಲಿ ಹೋದವನು.

ಹೋದ ವರ್ಷ ನಮ್ಮ ಮಹಡಿಯ ದಂಪತಿಗೆ ಜುಲೈ ತಿಂಗಳಲ್ಲಿ ಒಮ್ಮೆ ಬನ್ನಿ ಎಂದೆ. ಆಕೆ ನಕ್ಕು, ಆಗ ತೋಟದಲ್ಲಿ ಟೊಮೆಟೊ ಹಣ್ಣಾಗುವ ಕಾಲ ಎಂದರು. ಹೊರಡುವಾಗ ಎಂದಿನಂತೆ ಒಂದು ಉಣ್ಣೆಯ ಸ್ವೆಟರನ್ನು ನಮ್ಮ ಕಪಾಟಿನಲ್ಲೇ ಬಿಟ್ಟು ಹೋದರು. ಆಗಸ್ಟ್ ಹೊತ್ತಿಗೆ ಅದಕ್ಕೆ ಬೂಷ್ಟು ಹಿಡಿದಿರುತ್ತದೆ. ಅವರು ಬರುವ ವಾರ ಮೊದಲು ಅಂಗಳದ ಬಿಸಿಲಿಗೆ ಹಾಕಿ, ಕೊಡವಿ, ಮಡಚಿಡುತ್ತೇನೆ. ಈ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ.