ಕಕ್ಕಡ ಹದಿನೆಂಟರ ಮಾರನೇ ದಿನ

ನಾನು ಮಂಡ್ಯ ಕಡೆಯವಳು. ಗಂಡನಿಗೆ ಮಡಿಕೇರಿಗೆ ವರ್ಗ ಆಯಿತು ಅಂತ ಬಂದವಳು ಮನೆಯಲ್ಲಿ ಸುಮ್ನೆ ಮಳೆ ನೋಡಿ ನೋಡಿ ಸಾಕಾಗಿ, ಹತ್ತಿರದ ಮಹಿಳಾ ಸಮಾಜಕ್ಕೆ ಹೋಗಿ "ನಾನೂ ಏನಾದ್ರೂ ಸೇವೆ ಮಾಡ್ತೀನಿ" ಅಂದೆ. ಯಾರೂ ಕರೆದಿರಲಿಲ್ಲ.

ಮೊದಲ ವಾರ ಹೊಲಿಗೆ ತರಗತಿಗೆ ಹಾಕಿದರು. ಎರಡು ಸೂಜಿ ಮುರಿದ ಮೇಲೆ ಬಾಗಿಲ ಹತ್ತಿರ ಕೂರಿಸಿ, ಬಂದವರ ಹೆಸರು ಬರೆಯುವ ಕೆಲಸ ಕೊಟ್ಟರು. ಜೊತೆಗೆ ಕೊಡೆಗಳನ್ನು ನೋಡಿಕೊಳ್ಳುವುದು. ಮೂವತ್ತು ಜನ, ಮೂವತ್ತೂ ಕರಿ ಕೊಡೆ. ಆ ದಿನ ಯಾರ ಕೊಡೆ ಯಾರ ಮನೆಗೆ ಹೋಯಿತೋ, ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ನನ್ನ ಹತ್ತಿರ ಎರಡಿವೆ.

ಇಷ್ಟಾದರೂ ಆಗಸ್ಟ್ 3ರಂದು ಅಡುಗೆಮನೆಗೆ ಬಿಟ್ಟುಕೊಂಡರು. ಕೊಡವರ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೇ ದಿನ ಅದು. ಅವತ್ತು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತೆ ಅನ್ನೋದು ಇಲ್ಲಿನವರ ನಂಬಿಕೆ. ಸೊಪ್ಪು ಬೇಯಿಸುವಾಗ ಇಡೀ ಕಟ್ಟಡ ಘಮ್ ಅನ್ನುತ್ತಿತ್ತು. ನೀರು ಮಾತ್ರ ಶಾಯಿ ಕದಡಿದ ಹಾಗೆ ಕಡು ನೇರಳೆ.

ಸೊಪ್ಪು ಬೇಯಿಸಿ ಬಸಿದರೆ ನಮ್ಮೂರಲ್ಲಿ ಅದು ಬಸ್ಸಾರು, ಅಲ್ವಾ? ನಾನು ಬಸಿದ ಸೊಪ್ಪನ್ನು ಪಕ್ಕಕ್ಕಿಟ್ಟುಕೊಂಡು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜತೊಡಗಿದೆ.

"ಎಂತ ಮಾಡ್ತಾ ಇದ್ದಿ ಮಾರಾಯ್ತಿ?" ಅಂದರು ಅಧ್ಯಕ್ಷೆ ಆಂಟಿ.

"ಪಲ್ಯಕ್ಕೆ ಆಂಟಿ."

"ಅದು ಬಿಸಾಡೋದು. ನೀರಲ್ಲೇ ಇರೋದು ಎಲ್ಲಾ."

ಆಮೇಲೆ ಆ ನೇರಳೆ ನೀರಿಗೆ ಅಕ್ಕಿ ಬಿತ್ತು, ತೆಂಗಿನಕಾಯಿ ಬಿತ್ತು. "ಮಂಡ್ಯದವಳಲ್ವಾ, ಬೆಲ್ಲ ನೀನೇ ಹಾಕು" ಅಂದರು. ಅಷ್ಟೊಂದು ಹೆಮ್ಮೆ ನನಗೆ ಮದುವೆ ದಿನವೂ ಆಗಿರಲಿಲ್ಲ. ತುಪ್ಪ ಹಾಕಿಕೊಂಡು ಎರಡು ಬಟ್ಟಲು ತಿಂದೆ, ಗಂಡನಿಗೂ ಡಬ್ಬಿ ತುಂಬಿಸಿಕೊಂಡು ಬಂದೆ.

ಮಾರನೇ ದಿನ ಬೆಳಗ್ಗೆ ಬಚ್ಚಲಿಗೆ ಹೋದವಳು ಅಲ್ಲೇ ಕೂಗಿಕೊಂಡೆ. ಮೂತ್ರ ಕೆಂಪಗಿತ್ತು. ನಸುಗೆಂಪು ಅಲ್ಲ, ಬೀಟ್‌ರೂಟ್ ಕೆಂಪು. ಹೊರಗೆ ಬಂದರೆ ಗಂಡ ಗೋಡೆ ಹಿಡಿದುಕೊಂಡು ನಿಂತಿದ್ದಾರೆ. ಮುಖ ನೋಡಿದರೇ ಗೊತ್ತಾಯಿತು, ಅವರದ್ದೂ ಅದೇ ಕಥೆ.

ನನ್ನ ತಲೆ ಓಡಿದ್ದು ಒಂದೇ ಕಡೆಗೆ. ಹಂಡೆ ತೊಳೆದವಳು ನಾನು. ಬೆಲ್ಲ ಹಾಕಿದವಳೂ ನಾನು. ಊರ ಹೆಂಗಸರಿಗೆಲ್ಲ ವಿಷ ಇಕ್ಕಿದ್ದೇನೆ. ನಡುಗುವ ಕೈಯಲ್ಲೇ ಸಮಾಜದ ವಾಟ್ಸಾಪ್ ಗುಂಪಿಗೆ ಬರೆದೆ: "ನಿನ್ನೆ ಪಾಯಸ ತಿಂದವರೆಲ್ಲ ದಯವಿಟ್ಟು ನಿಮ್ಮ ಮೂತ್ರದ ಬಣ್ಣ ನೋಡಿಕೊಳ್ಳಿ. ಕೆಂಪಗಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ತಪ್ಪು ನನ್ನದೇ."

ಐದು ನಿಮಿಷ ಯಾರದ್ದೂ ಸದ್ದಿಲ್ಲ. ಆಮೇಲೆ ಒಂದು ನಗುವ ಮುಖ ಬಂತು. ಅದರ ಹಿಂದೆ ಸಾಲಾಗಿ ಇನ್ನಷ್ಟು. ಏನೋ ಎಡವಟ್ಟಾಗಿದೆ ಅನ್ನಿಸಿ ಡಿಲೀಟ್ ಮಾಡಲು ಹೋದೆ. ಅವಸರದಲ್ಲಿ ನನ್ನೊಬ್ಬಳ ಫೋನಿನಿಂದ ಮಾತ್ರ ಅಳಿಸಿಕೊಂಡೆ. ಉಳಿದವರ ಫೋನಿನಲ್ಲಿ ಅದು ಈಗಲೂ ಭದ್ರವಾಗಿದೆ.

ಅಷ್ಟರಲ್ಲಿ ಆಂಟಿ ಫೋನ್ ಮಾಡಿದರು. ನಗು ತಡೆಯಲಾಗದೆ ಮಾತೇ ಹೊರಡುತ್ತಿರಲಿಲ್ಲ.

"ಅದು ಹಾಗೇ ಮಾರಾಯ್ತಿ! ಸೊಪ್ಪಿನ ಬಣ್ಣ ಅದು. ಮದ್ದು ಮೈಗೆ ಹಿಡಿದಿದೆ ಅಂತ."

"ಮೊದಲೇ ಒಂದು ಮಾತು ಹೇಳಬಾರದಿತ್ತಾ ಆಂಟಿ?"

"ಎಲ್ಲರಿಗೂ ಗೊತ್ತಿರೋದನ್ನ ಯಾರು ಹೇಳ್ತಾರೆ?"

ಫೋನ್ ಇಟ್ಟು ನೋಡಿದರೆ ಗಂಡ ಮನೆಯಲ್ಲಿಲ್ಲ. ಕರೆ ಮಾಡಿದೆ. ಪಿಸುದನಿಯಲ್ಲಿ ಮಾತಾಡಿದರು. ಲ್ಯಾಬ್‌ನಲ್ಲಿ ಬಾಟಲಿ ಹಿಡಿದು ಟೋಕನ್ ತಗೊಂಡು ಕೂತಿದ್ದಾರಂತೆ. ಅವರ ಮುಂದೆ ಇನ್ನೂ ಇಬ್ಬರು, ಅವರ ಕೈಯಲ್ಲೂ ಕೆಂಪು ಬಾಟಲಿ. ಒಬ್ಬರು ಬಳ್ಳಾರಿಯವರು, ಇನ್ನೊಬ್ಬರು ಬೀದರಿನವರು. ಇಬ್ಬರೂ ಹೋದ ತಿಂಗಳಷ್ಟೇ ಮಡಿಕೇರಿಗೆ ವರ್ಗವಾಗಿ ಬಂದವರು.