ಬರ್ಲಿನ್‌ಗೆ ಹೋದರೆ ಹಗಲಲ್ಲೂ ಓಡಾಡಿ

ಗೇ, ಲೆಸ್ಬಿಯನ್, ಟ್ರಾನ್ಸ್ ಪ್ರವಾಸಿಗಳಿಗೆ ಅಂತಲೇ ಬರೆದ ಬರ್ಲಿನ್ ಗೈಡ್‌ಗಳನ್ನು ಓದಿದರೆ ನನಗೆ ರೇಗುತ್ತದೆ. ಯಾವುದನ್ನು ತೆರೆದರೂ ಕ್ಲಬ್ಬು, ಬಾರು, ಮತ್ತೆ ಕ್ಲಬ್ಬು. ನಾವೇನು ರಾತ್ರಿ ಹನ್ನೆರಡಾದ ಮೇಲಷ್ಟೇ ಬದುಕುವವರಾ? ಕುಣಿಯೋದು ಬೇಡ ಅಂತಲ್ಲ, ಮನಸಾರೆ ಕುಣಿಯಿರಿ. ಆದರೆ ಆ ಊರಿನಲ್ಲಿ ನಮ್ಮಂಥವರು ನೋಡಲೇಬೇಕಾದದ್ದು ಹಗಲಲ್ಲೇ ಜಾಸ್ತಿ ಇದೆ.

ನೊಲೆಂಡಾರ್ಫ್‌ಪ್ಲಾಟ್ಸ್ ಮೆಟ್ರೊ ಸ್ಟೇಷನ್‌ನಲ್ಲಿ ಇಳಿಯಿರಿ. ಗೋಡೆಯ ಮೇಲೆ ಗುಲಾಬಿ ಬಣ್ಣದ ತ್ರಿಕೋನ ಕಾಣುತ್ತದೆ, 1989ರಲ್ಲಿ ಹಾಕಿದ್ದು. ನಾಜಿಗಳು ತಮ್ಮ ಶಿಬಿರಗಳಲ್ಲಿ ಗೇ ಗಂಡಸರ ಬಟ್ಟೆಗೆ ಹೊಲಿಸುತ್ತಿದ್ದ ಗುರುತು ಅದು. ಅಲ್ಲೇ ಪಕ್ಕದ ಮೋಟ್ಸ್‌ಸ್ಟ್ರಾಸೆಯಲ್ಲಿ ಈಗ ಕಾಮನಬಿಲ್ಲಿನ ಬಾವುಟಗಳು. ಹಿಂದೆ ಇದೇ ಬೀದಿಯಲ್ಲಿ ನಮ್ಮಂಥವರು ಸೇರುತ್ತಿದ್ದ ಎಲ್ಡೊರಾಡೊ ಅನ್ನೋ ಹೆಸರಾಂತ ಕ್ಲಬ್ ಇತ್ತು. 1933ರ ಒಂದು ಫೋಟೊದಲ್ಲಿ ಅದರ ಮುಂಭಾಗದ ತುಂಬಾ ಸ್ವಸ್ತಿಕ, ಹಿಟ್ಲರನಿಗೆ ವೋಟು ಹಾಕಿ ಅನ್ನೋ ಪೋಸ್ಟರು.

ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅನ್ನೋ ಡಾಕ್ಟರ್ 1919ರಲ್ಲೇ ಈ ಊರಿನಲ್ಲಿ ಲೈಂಗಿಕತೆಯ ಅಧ್ಯಯನಕ್ಕೆ ಒಂದು ಸಂಸ್ಥೆ ಕಟ್ಟಿದ್ದರು. ಟ್ರಾನ್ಸ್ ಜನರಿಗೆ ಅಲ್ಲಿ ಚಿಕಿತ್ಸೆಯೂ ಸಿಗುತ್ತಿತ್ತು, ಕೆಲಸವೂ ಸಿಗುತ್ತಿತ್ತು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ನುಗ್ಗಿ ಅದನ್ನು ದೋಚಿದರು. ನಾಲ್ಕು ದಿನ ಬಿಟ್ಟು ಅಲ್ಲಿನ ಪುಸ್ತಕಗಳನ್ನು ಈಗಿನ ಬೇಬೆಲ್‌ಪ್ಲಾಟ್ಸ್‌ನಲ್ಲಿ ಸುಟ್ಟರು. ಬರ್ಲಿನ್ ಮೊದಲಿಂದಲೂ ಎಲ್ಲರನ್ನೂ ಒಪ್ಪಿಕೊಂಡ ಊರು ಅಂತ ಯಾರಾದರೂ ಹೊಗಳಿದರೆ ನನಗೆ ಈ ನಾಲ್ಕು ದಿನ ನೆನಪಾಗುತ್ತದೆ.

ನಾಜಿಗಳ ಹಿಂಸೆಗೆ ಸಿಕ್ಕ ನಮ್ಮಂಥವರ ನೆನಪಿಗೆ ಟಿಯರ್‌ಗಾರ್ಟನ್ ಪಾರ್ಕಿನ ಅಂಚಿನಲ್ಲಿರೋ ಸ್ಮಾರಕವನ್ನಂತೂ ಬಿಡಲೇಬೇಡಿ. ಬೂದು ಬಣ್ಣದ ಕಾಂಕ್ರೀಟ್ ದಿಮ್ಮಿ, ಅದಕ್ಕೊಂದೇ ಸಣ್ಣ ಕಿಟಕಿ. ಇಣುಕಿದರೆ ಒಳಗೆ ವಿಡಿಯೊ ಓಡುತ್ತಿರುತ್ತದೆ, ಮುತ್ತಿಡುವ ಜೋಡಿ. ಅಷ್ಟೇ. ಹೊರಗೆ ನಿಂತವರಿಗೆ ಏನೂ ಕಾಣಲ್ಲ, ನೋಡಬೇಕು ಅಂದರೆ ಹತ್ತಿರ ಹೋಗಲೇಬೇಕು. ನನಗೆ ಇದು ಯಾವ ದೊಡ್ಡ ಪ್ರತಿಮೆಗಿಂತಲೂ ಇಷ್ಟ. ಇದನ್ನು ತೆರೆದದ್ದೇ 2008ರಲ್ಲಿ. ಯಾಕಿಷ್ಟು ತಡ ಅಂದರೆ, ನಾಜಿಗಳು ಸೋತರೂ ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಕಾನೂನು ಹೋಗಿರಲಿಲ್ಲ. ಅವರು ಬಿಗಿ ಮಾಡಿದ್ದ 175ನೇ ಕಲಂ ಪಶ್ಚಿಮ ಜರ್ಮನಿಯಲ್ಲಿ 1969ರವರೆಗೂ ಹಾಗೇ ಇತ್ತು. ಶಿಬಿರದಿಂದ ಬದುಕಿ ಬಂದವರನ್ನೂ ಅದೇ ಕಲಂ ಅಡಿ ಮತ್ತೆ ಜೈಲಿಗೆ ಹಾಕಬಹುದಿತ್ತು! ಅದು ಪೂರ್ತಿ ರದ್ದಾಗಿದ್ದು 1994ರಲ್ಲಿ. ಮದುವೆಯ ಹಕ್ಕು ಸಿಕ್ಕಿದ್ದು 2017ರಲ್ಲಿ, ಮೊನ್ನೆ ಮೊನ್ನೆ ಅಲ್ವಾ?

ಇನ್ನು ಕೈ ಹಿಡಿದು ನಡೆಯೋ ವಿಷಯ. ಮೋಟ್ಸ್‌ಸ್ಟ್ರಾಸೆಯಲ್ಲಿ ಯಾರೂ ತಿರುಗಿ ನೋಡಲ್ಲ. ತಡರಾತ್ರಿಯ ಮೆಟ್ರೊದಲ್ಲಿ ಮಾತ್ರ ಬೋಗಿಯಲ್ಲಿ ಯಾರ್ಯಾರಿದ್ದಾರೆ ಅಂತ ನೋಡಿಕೊಂಡೇ ಕೈ ಹಿಡಿಯುತ್ತೇನೆ. ಕುಡಿದ ಗುಂಪು ಹತ್ತಿದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಬೋಗಿ ಬದಲಿಸುತ್ತೇನೆ. ಇದು ಹೆದರಿಕೆ ಅಲ್ಲ, ಅಭ್ಯಾಸ. ಕ್ಲಬ್ಬಿನ ವಿಳಾಸ ಕೊಡುವವರು ಅಲ್ಲಿಂದ ರೂಮಿಗೆ ವಾಪಸ್ ಬರೋ ದಾರಿಯ ಬಗ್ಗೆಯೂ ಎರಡು ಸಾಲು ಬರೆಯಬಾರದಾ?